ಯಾರದೂ ಅಲ್ಲದ ತಪ್ಪು

ಕೇಳಿದವರ ಬಾಯಿ ಮುಚ್ಚಿಸುವ ಮಾತೊಂದು ಪ್ರತಿಯೊಂದು ಕಾಲಕ್ಕೂ ಬೇಕಾಗುತ್ತದೆಯೋ ಏನೋ. ನಮ್ಮ ಅಜ್ಜಿಯರ ಕಾಲದಲ್ಲಿ ಅದು ‘ಹಣೆಬರಹ’ವಾಗಿತ್ತು. ಮಳೆ ಬಾರದಿದ್ದರೆ ಹಣೆಬರಹ, ಹಸು ಗಬ್ಬ ನಿಲ್ಲದಿದ್ದರೆ ಹಣೆಬರಹ, ಅದರಾಚೆಗೆ ಪ್ರಶ್ನೆಯಿಲ್ಲ. ಕಚೇರಿಗಳ ಕಾಲ ಬಂದಾಗ ‘ಸಾಹೇಬರು ಕ್ಯಾಂಪಿನಲ್ಲಿದ್ದಾರೆ’ ಎಂಬ ಮಾತು ಹುಟ್ಟಿತು. ಜವಾನನ ಬಾಯಿಂದ ಅದು ಬಿತ್ತೆಂದರೆ, ಕೆಲಸಕ್ಕಾಗಿ ಬಂದವನು ಕೊಡೆಯನ್ನು ಬಗಲಿಗಿಟ್ಟುಕೊಂಡು ಊರಿನ ದಾರಿ ಹಿಡಿಯಬೇಕು. ಈಗ ಆ ಎರಡರ ಜಾಗದಲ್ಲಿ ಮೂರನೆಯದೊಂದು ಬಂದು ಕುಳಿತಿದೆ: ‘ಸರ್ವರ್ ಇಲ್ಲ.’ ಎರಡೇ ಪದ. ಅದಕ್ಕೆ ಎದುರಾಡಿದವರನ್ನು ನಾನು ಹೆಚ್ಚಾಗಿ ಕಂಡಿಲ್ಲ.

ಪದದ ಅರ್ಥವನ್ನು ಯೋಚಿಸಿದರೆ ನಗು ಬರುತ್ತದೆ. ಸರ್ವರ್ ಎಂದರೆ ಬಡಿಸುವವನು, ಸೇವೆ ಮಾಡುವವನು. ಹೋಟೆಲಿನ ಮಾಣಿಯನ್ನು ಸರ್ವರ್ ಎಂದು ಕರೆಯುವ ಹಳಬರು ಈಗಲೂ ಇದ್ದಾರೆ. ಆ ಸರ್ವರ್ ಬಾರದೆ ಹೋದರೆ ಗಿರಾಕಿ ಮೇಜು ಕುಟ್ಟುತ್ತಾನೆ. ಗಲ್ಲಾದ ಮುಂದೆ ಕುಳಿತಿದ್ದ ಮಾಲೀಕ ತಾನೇ ಎದ್ದು ಬಂದು ಕಾಫಿ ಇಟ್ಟು, ‘ಹುಡುಗರಿಲ್ಲ ಸ್ವಾಮಿ, ಕ್ಷಮಿಸಬೇಕು’ ಎನ್ನುತ್ತಾನೆ. ಈ ಹೊಸ ಸೇವಕನ ಠೀವಿಯೇ ಬೇರೆ. ಇವನು ಬಾರದಿದ್ದರೆ ಯಜಮಾನರೇ ಸಾಲಾಗಿ ನಿಂತು ಕಾಯಬೇಕು. ಪ್ರಜೆಯೇ ಪ್ರಭು ಎಂದು ನಾವು ಹೇಳಿಕೊಳ್ಳುವ ನಾಡಿನಲ್ಲಿ, ಪ್ರಭುವು ಚೀಲ ಹಿಡಿದು ಜಗಲಿಯ ಮೇಲೆ ಕುಳಿತು, ಸೇವಕನ ಆಗಮನಕ್ಕಾಗಿ ಹಾದಿ ನೋಡುವ ದೃಶ್ಯ ವಿಚಿತ್ರವಾದದ್ದು.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ಕಡೆಯೂ ನನಗೆ ನಂಟರೂ ಪರಿಚಿತರೂ ಇದ್ದಾರೆ. ವರ್ಷಕ್ಕೆ ಕೆಲವು ಸಲ ಹೋಗಿ ಬರುವ ವಾಡಿಕೆ. ಒಂದು ಕಡೆ ಕಾವೇರಿಯ ನೀರು ಕುಡಿದ ಗದ್ದೆಬಯಲು. ಇನ್ನೆರಡು ಕಡೆ ಹೊಗೆಸೊಪ್ಪಿನ ಹೊಲ, ಸೊಪ್ಪು ಬೇಯಿಸುವ ಬ್ಯಾರನ್ನುಗಳ ಸಾಲು. ಮತ್ತೊಂದು ಕಡೆ ಕಬಿನಿಯ ಹಿನ್ನೀರು, ನಾಗರಹೊಳೆಯ ಕಾಡು, ಕಾಡಂಚಿನ ಹಾಡಿಗಳು. ನೆಲ ಬೇರೆ, ಬೆಳೆ ಬೇರೆ, ಮಾತಿನ ಧಾಟಿಯಲ್ಲಿಯೂ ಅಷ್ಟಿಷ್ಟು ವ್ಯತ್ಯಾಸ. ಆದರೆ ತಿಂಗಳ ಮೊದಲ ಹದಿನೈದು ದಿನಗಳಲ್ಲಿ ಯಾವ ಊರಿನ ನ್ಯಾಯಬೆಲೆ ಅಂಗಡಿಯ ಮುಂದೆ ನಿಂತರೂ ಕಿವಿಗೆ ಬೀಳುವ ಸಂಭಾಷಣೆ ಒಂದೇ.

‘ಸರ್ವರ್ ಬಂತಾ ಅಣ್ಣ?’

‘ಇಲ್ಲ ಕನಕ್ಕ, ಸುತ್ತುತಾ ಅದೆ. ಕೂತ್ಕೊ.’

ಸುತ್ತುವುದು ಯಂತ್ರದ ಪರದೆಯ ಮೇಲಿನ ಚಿಕ್ಕ ಚಕ್ರ. ಅದು ಸುತ್ತುವವರೆಗೆ ಅಕ್ಕನೂ ಕೂರಬೇಕು, ಅವಳ ಹಿಂದಿನ ಮೂವತ್ತು ಮಂದಿಯೂ ಕೂರಬೇಕು.

ಆ ಚಕ್ರದ ಹಿಂದೆ ನಡೆಯುವುದೇನು ಎಂಬುದನ್ನು ಸ್ವಲ್ಪ ವಿವರಿಸಬೇಕು. ಅಕ್ಕ ಯಂತ್ರದ ಗಾಜಿನ ಮೇಲೆ ಹೆಬ್ಬೆಟ್ಟು ಒತ್ತುತ್ತಾಳೆ. ಆ ಗುರುತು ಊರಾಚೆಯ ಮೊಬೈಲ್ ಗೋಪುರಕ್ಕೆ ಹೋಗಬೇಕು. ಅಲ್ಲಿಂದ ಆಹಾರ ಇಲಾಖೆಯ ಕಂಪ್ಯೂಟರಿಗೆ. ಅಲ್ಲಿಂದ ಆಧಾರ್ ಪ್ರಾಧಿಕಾರದ ಕಂಪ್ಯೂಟರಿಗೆ. ಆಧಾರ್‌ನ ದೊಡ್ಡ ಉಗ್ರಾಣಗಳು ಎರಡು, ಒಂದು ಬೆಂಗಳೂರಿನಲ್ಲಿ, ಇನ್ನೊಂದು ಹರಿಯಾಣದ ಮಾನೇಸರದಲ್ಲಿ. ಅಲ್ಲಿ ‘ಈಕೆ ಈಕೆಯೇ ಹೌದು’ ಎಂದು ತೀರ್ಮಾನವಾಗಿ, ಆ ಒಪ್ಪಿಗೆ ಬಂದ ದಾರಿಯಲ್ಲೇ ಹಿಂತಿರುಗಿ ಅಂಗಡಿಯ ಯಂತ್ರಕ್ಕೆ ಮುಟ್ಟಿದರೆ ಅಕ್ಕಿ ಅಳೆಯಬಹುದು. ಎಲ್ಲ ಸರಿಯಿದ್ದರೆ ಕೆಲವೇ ಕ್ಷಣಗಳ ಕೆಲಸ. ಸೋಜಿಗದ ಸಾಧನೆಯೆಂದು ಒಪ್ಪಿಕೊಳ್ಳೋಣ. ಆದರೆ ಈ ಸರಪಳಿಯಲ್ಲಿ ಕೊಂಡಿಗಳು ಬಹಳ. ಕರೆಂಟು ಹೋಗಿರಬಹುದು, ಗೋಪುರದ ಬ್ಯಾಟರಿ ಇಳಿದಿರಬಹುದು, ರಸ್ತೆ ಅಗೆಯುವವರು ತಂತಿ ಕತ್ತರಿಸಿರಬಹುದು, ರಾಜ್ಯದ ಸಾವಿರಾರು ಅಂಗಡಿಗಳೂ ಒಂದೇ ಬೆಳಗ್ಗೆ ಒಂದೇ ಬಾಗಿಲು ತಟ್ಟಿರಬಹುದು. ಯಾವ ಕೊಂಡಿ ಕಳಚಿತೆಂಬುದು ಅಂಗಡಿಯವನಿಗೆ ಕಾಣುವುದಿಲ್ಲ. ಇಷ್ಟೂ ಕಾರಣಗಳಿಗೆ ಅವನ ಬಳಿ ಇರುವುದು ಒಂದೇ ಹೆಸರು.

ಕೊನೆಯ ಕಾರಣವನ್ನು 2023ರ ಜುಲೈ ತಿಂಗಳಲ್ಲಿ ನಾಡೆಲ್ಲ ಕಂಡಿತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆಗೆ ಹೆಸರು ಬರೆಸುವ ಕೆಲಸ ಆಗ ಆರಂಭವಾಯಿತು. ಸೇವಾಕೇಂದ್ರಗಳ ಮುಂದೆ ಬೆಳಗಿನ ಜಾವದಿಂದಲೇ ಹೆಂಗಸರ ಸಾಲು. ಒಳಗೆ ನಿಂತುಹೋದ ಕಂಪ್ಯೂಟರು. ಒಬ್ಬರ ದ್ರೋಹವೂ ಅದರಲ್ಲಿರಲಿಲ್ಲ. ಒಂದು ಕಿರುದಾರಿಯಲ್ಲಿ ಒಂದೇ ಹೊತ್ತಿಗೆ ಲಕ್ಷಾಂತರ ಜನ ಹೊರಟರು, ಅಷ್ಟೆ. ಆದರೂ ಬೆಳಗಿನಿಂದ ಸಂಜೆಯವರೆಗೆ ಮಗುವನ್ನು ಸೊಂಟದಲ್ಲಿಟ್ಟುಕೊಂಡು ನಿಂತು ಬರಿಗೈಯಲ್ಲಿ ಹೋದವಳಿಗೆ ಏನೋ ಅನ್ಯಾಯವಾಯಿತೆಂದು ನಮಗೆಲ್ಲ ಅನಿಸಿತು. ನನ್ನ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ: ಮಾಡಿದವರೇ ಇಲ್ಲದ ಅನ್ಯಾಯವೆಂಬುದು ಉಂಟೇ? ಯಾರೂ ತಪ್ಪು ಮಾಡದೆ ತಪ್ಪು ನಡೆಯಬಹುದೇ? ನಡೆದರೆ ಹೊಣೆ ಯಾರದು?

ಉತ್ತರ ಹುಡುಕುವ ಮುನ್ನ ಯಂತ್ರದ ಪರವಾಗಿ ಎರಡು ಮಾತು ಆಡದಿದ್ದರೆ ನಾನೇ ಅನ್ಯಾಯ ಮಾಡಿದಂತಾದೀತು. ‘ಆ ಕಾಲವೇ ಚೆನ್ನಾಗಿತ್ತು’ ಎನ್ನುವ ಹಾಡು ನನಗೆ ಸೇರದು. ಆ ಕಾಲದಲ್ಲಿ ಊರಿನ ಜಮೀನಿನ ಲೆಕ್ಕವೆಲ್ಲ ಶಾನುಭೋಗರ ದಫ್ತರದಲ್ಲಿತ್ತು. ಅಂದರೆ ಶಾನುಭೋಗರ ಮುಷ್ಟಿಯಲ್ಲಿತ್ತು. 1961ರ ಕಾಯಿದೆ ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು ತೆಗೆದುಹಾಕಿತು. ದಫ್ತರ ಗ್ರಾಮಲೆಕ್ಕಿಗರ ಕೈಗೆ ಹೋಯಿತು. ಪಹಣಿಯ ಒಂದು ನಕಲಿಗಾಗಿ ರೈತ ಎಷ್ಟು ಸಲ ಅಲೆಯುತ್ತಿದ್ದ, ಅಲೆದಾಟ ನಿಲ್ಲಲು ಏನು ತೆರುತ್ತಿದ್ದ ಎಂಬುದನ್ನು ಬಲ್ಲವರು ಇನ್ನೂ ಇದ್ದಾರೆ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆ ಬಂದು, ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. ಹದಿನೈದು ರೂಪಾಯಿ ಕೊಟ್ಟು ಕಿಟಕಿಯಲ್ಲಿ ನಕಲು ಪಡೆಯುವುದು ಸಾಧ್ಯವಾಯಿತು. ಸಣ್ಣ ಹಿಡುವಳಿದಾರನಿಗೆ ಇದು ಸಣ್ಣ ವಿಮೋಚನೆಯಾಗಿರಲಿಲ್ಲ. ಪಡಿತರದ ಅಂಗಡಿಯಲ್ಲಿಯೂ ಅಷ್ಟೇ. ಸತ್ತವರ ಹೆಸರಿನಲ್ಲಿ ಸಕ್ಕರೆ ಏರಿಸಿಕೊಂಡವರ ಕಥೆ ಯಾವ ಊರಿನಲ್ಲಿಲ್ಲ? ಬರಹದ ಪುಸ್ತಕ ಸುಳ್ಳು ಹೇಳುತ್ತಿತ್ತು. ಅದಕ್ಕಾಗಿ ಯಂತ್ರ ಬಂತು. ಬಂದದ್ದು ಸರಿಯೇ.

ಆದರೆ ಕ್ಯಾಂಪಿಗೆ ಹೋದ ಸಾಹೇಬರಿಗೂ ಬಾರದ ಸರ್ವರಿಗೂ ಒಂದು ಅಂತರವಿದೆ. ಸಾಹೇಬರಿಗೆ ಮುಖವಿತ್ತು. ಎಂದಾದರೊಂದು ದಿನ ಕ್ಯಾಂಪಿನಿಂದ ಮರಳಬೇಕಾಗಿತ್ತು. ಮರಳಿದಾಗ ಕಾಲು ಹಿಡಿಯಬಹುದಾಗಿತ್ತು, ಬೈಯಬಹುದಾಗಿತ್ತು, ಮೇಲಿನವರಿಗೆ ಅರ್ಜಿ ಗುಜರಾಯಿಸಬಹುದಾಗಿತ್ತು. ಸರ್ವರಿಗೆ ಕಾಲೂ ಇಲ್ಲ, ಕಿವಿಯೂ ಇಲ್ಲ. ಅದರ ಹೆಸರು ಹೇಳಿದವನು ತಾನೂ ಅದರ ಬಲಿಪಶುವೆಂಬಂತೆ ಕೈ ಚೆಲ್ಲುತ್ತಾನೆ. ಬಹುಮಟ್ಟಿಗೆ ಅದು ನಿಜವೂ ಹೌದು. ಹೀಗೆ ಹಿಂದೆ ಒಬ್ಬನ ಮೇಲಾದರೂ ನಿಲ್ಲುತ್ತಿದ್ದ ದೂರು ಈಗ ನಿಲ್ಲಲು ನೆಲೆಯಿಲ್ಲದೆ ತಿರುಗಿ, ದೂರು ಹೇಳಬಂದವಳ ತಲೆಯ ಮೇಲೆಯೇ ಕೂರುತ್ತದೆ. ‘ನಿನ್ನ ಬೆರಳೇ ಸರಿಯಿಲ್ಲ ಕನವ್ವ’ ಎಂಬ ಮಾತನ್ನು ಪಿರಿಯಾಪಟ್ಟಣದ ಕಡೆಯ ಒಂದು ಊರಿನಲ್ಲಿ ನಾನೇ ಕೇಳಿದ್ದೇನೆ. ಆ ಬೆರಳು ಹೊಗೆಸೊಪ್ಪು ಮುರಿದು, ಅದರ ಅಂಟು ಹತ್ತಿ, ಕಡ್ಡಿಗೆ ಕಟ್ಟಿ, ಕಳೆ ಕಿತ್ತು, ಪಾತ್ರೆ ಬೆಳಗಿ ಗೆರೆ ಸವೆದ ಬೆರಳು. ದುಡಿದದ್ದೇ ಅದರ ದೋಷ.

ಹೆಬ್ಬೆಟ್ಟಿನ ಪ್ರಸ್ತಾಪ ಬಂದದ್ದರಿಂದ ಇನ್ನೊಂದು ಸಂಗತಿ ನೆನಪಾಗುತ್ತದೆ. ‘ಹೆಬ್ಬೆಟ್ಟಿನವನು’ ಎಂಬುದು ನಮ್ಮಲ್ಲಿ ಓದುಬರಹ ಇಲ್ಲದವನನ್ನು ಹಳಿಯುವ ಮಾತಾಗಿತ್ತು. ರಾತ್ರಿಶಾಲೆಗಳಲ್ಲಿ ಕಂದೀಲಿಟ್ಟುಕೊಂಡು ದೊಡ್ಡವರಿಗೆ ರುಜು ಹಾಕುವುದನ್ನು ಕಲಿಸಿದೆವು. ಕಲಿತವರು ಹೆಮ್ಮೆಯಿಂದ ತಮ್ಮ ಹೆಸರು ಬರೆದರು. ಈಗ ಮತ್ತೆ ಅದೇ ಹೆಬ್ಬೆಟ್ಟನ್ನು ಕೇಳುತ್ತಿದ್ದೇವೆ. ಎದುರು ಕುಳಿತ ಅಂಗಡಿಯವನು ಅವಳನ್ನು ಮದುವೆಯಾಗಿ ಊರಿಗೆ ಬಂದ ದಿನದಿಂದ ಬಲ್ಲ. ಅವಳ ಅತ್ತೆಯನ್ನು ಬಲ್ಲ. ಅವಳ ಮಕ್ಕಳು ಓದುವ ತರಗತಿಯನ್ನೂ ಬಲ್ಲ. ಅವನ ತಿಳಿವಳಿಕೆಗೆ ಬೆಲೆಯಿಲ್ಲ. ಅವಳು ಯಾರೆಂದು ಎಂದೂ ಕಾಣದ ಮಾನೇಸರ ಹೇಳಬೇಕು.

ಈಗ ಪ್ರಶ್ನೆಗೆ ಬರೋಣ. ಬರಗಾಲ ಅನ್ಯಾಯವಲ್ಲ; ಅದು ಆಪತ್ತು. ಬರಗಾಲದಲ್ಲಿ ಕಣಜಕ್ಕೆ ಬೀಗ ಹಾಕಿ ಕುಳಿತುಕೊಳ್ಳುವುದು ಅನ್ಯಾಯ. ಇವೆರಡನ್ನೂ ಒಂದೇ ಗೂಡಿಗೆ ತುಂಬಿದರೆ ವಿಚಾರ ಕೆಡುತ್ತದೆ. ಸರ್ವರ್ ಕೆಡುವುದು ಆಪತ್ತಿನ ಜಾತಿಗೆ ಸೇರಿದ್ದು. ಯಂತ್ರವೆಂದ ಮೇಲೆ ಕೆಡುತ್ತದೆ. ಆದರೆ ಕೆಟ್ಟಾಗ ನಷ್ಟ ಯಾರ ಪಾಲಿಗೆ ಹೋಗಬೇಕು? ಅಂಗಡಿಯವನ ಪಾಲಿಗೋ, ಇಲಾಖೆಯ ಪಾಲಿಗೋ, ಯಂತ್ರ ಒದಗಿಸಿದವರ ಪಾಲಿಗೋ, ಚೀಲ ಹಿಡಿದು ಬಂದವಳ ಪಾಲಿಗೋ? ಇದನ್ನು ಯಂತ್ರ ನಿರ್ಧರಿಸುವುದಿಲ್ಲ. ಮನುಷ್ಯರು ನಿರ್ಧರಿಸುತ್ತಾರೆ; ಅಥವಾ ನಿರ್ಧರಿಸದೆ ಬಿಡುತ್ತಾರೆ. ನಿರ್ಧರಿಸದೆ ಬಿಟ್ಟ ನಷ್ಟ ನೀರಿನಂತೆ ತಗ್ಗಿಗೆ ಹರಿಯುತ್ತದೆ. ‘ಇವತ್ತು ಹೋಗಿ ನಾಳೆ ಬಾ’ ಎಂಬ ಮಾತು ಕೆಟ್ಟ ಯಂತ್ರದಿಂದ ಹೊರಟ ಸದ್ದಲ್ಲ, ಅದೊಂದು ತೀರ್ಪು. ತೀರ್ಪಿತ್ತವರಿಗೆ ತಾವು ತೀರ್ಪಿತ್ತೆವೆಂಬ ಅರಿವಿಲ್ಲ ಎಂಬುದೇ ಇದರ ವಿಶೇಷ.

‘ನಾಳೆ ಬಾ’ ಎಂಬುದರ ಬೆಲೆಯನ್ನು ಒಂದು ಸಲ ಲೆಕ್ಕ ಹಾಕಿ ನೋಡೋಣ. 2023ರಲ್ಲಿ ಹೆಚ್ಚುವರಿ ಅಕ್ಕಿಗೆ ಬದಲಾಗಿ ಹಣ ಕೊಡಲು ರಾಜ್ಯ ಸರ್ಕಾರ ಕಟ್ಟಿದ ದರ ಕಿಲೋಗೆ 34 ರೂಪಾಯಿ. ಮೂವರ ಮನೆಗೆ ತಲೆಗೆ 5 ಕಿಲೋದಂತೆ 15 ಕಿಲೋ ಧಾನ್ಯ. ಎಲ್ಲವನ್ನೂ ಅಕ್ಕಿಯೆಂದೇ ಎಣಿಸಿದರೂ 510 ರೂಪಾಯಿ ಆಯಿತು. ಅದೇ ವರ್ಷ ಉದ್ಯೋಗಖಾತರಿಯಲ್ಲಿ ಕರ್ನಾಟಕಕ್ಕೆ ಗೊತ್ತುಮಾಡಿದ್ದ ದಿನಗೂಲಿ 316 ರೂಪಾಯಿ. ಎರಡು ದಿನ ಸರ್ವರಿಗೆ ಕಾದು ಮೂರನೆಯ ದಿನ ಅಕ್ಕಿ ತಂದವಳು 632 ರೂಪಾಯಿ ತೆತ್ತು 510 ರೂಪಾಯಿಯ ಧಾನ್ಯ ತಂದಂತಾಯಿತು. ಅದಕ್ಕೆ ನಾವು ‘ಉಚಿತ’ ಎಂಬ ಹೆಸರಿಟ್ಟಿದ್ದೇವೆ. ಪಟ್ಟಣದಲ್ಲಿ ಕುಳಿತು ಬಿಟ್ಟಿ ಅಕ್ಕಿಯ ವಿಷಯವಾಗಿ ಬೇಸರದಿಂದ ಮಾತನಾಡುವ ಮಹನೀಯರು ಈ ಲೆಕ್ಕವನ್ನೊಮ್ಮೆ ಪರಾಂಬರಿಸಬಹುದು.

ಯಂತ್ರದ ಆಪತ್ತು ಎಲ್ಲರಿಗೂ ಒಂದೇ ಎಂಬ ವಾದವುಂಟು. ಆಪತ್ತು ಒಂದೇ ಇರಬಹುದು. ಉಪಚಾರ ಒಂದೇ ಅಲ್ಲ. 2021ರ ಜೂನ್ 7ರಂದು ಆದಾಯ ತೆರಿಗೆಯ ಹೊಸ ಜಾಲತಾಣ ತೆರೆಯಿತು. ತೆರೆದ ದಿನದಿಂದಲೇ ತಡವರಿಸಿತು. ಆಗ ಏನಾಯಿತು? ಅದನ್ನು ಕಟ್ಟಿಕೊಟ್ಟ ಇನ್ಫೋಸಿಸ್ ಸಂಸ್ಥೆಯ ಮುಖ್ಯಾಧಿಕಾರಿಯನ್ನು ಕೇಂದ್ರದ ಅರ್ಥಸಚಿವೆ ಆಗಸ್ಟ್ 23ರಂದು ಕರೆಸಿ ವಿವರಣೆ ಕೇಳಿದರು. ತೆರಿಗೆ ವಿವರ ಸಲ್ಲಿಸಲು ಸೆಪ್ಟೆಂಬರ್ 30 ಎಂದಿದ್ದ ಗಡುವು ಡಿಸೆಂಬರ್ 31ಕ್ಕೆ ಹೋಯಿತು. ಇದು ಸರಿಯಾದ ಕ್ರಮ, ನಾನು ಆಕ್ಷೇಪಿಸುತ್ತಿಲ್ಲ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ‘ಕಾವೇರಿ’ ತಂತ್ರಾಂಶ ಹೊರಗಿನವರ ದಾಳಿಯಿಂದ ತಡೆದು ನಿಂತಾಗಲೂ ಪತ್ರಿಕೆಗಳಲ್ಲಿ ದೊಡ್ಡ ಅಕ್ಷರದ ಸುದ್ದಿಯಾಯಿತು, ಮಂತ್ರಿಗಳು ಸಮಾಧಾನ ಹೇಳಿದರು. ನಿವೇಶನ ಕೊಳ್ಳುವವರ ಹೊತ್ತಿಗೆ ಬೆಲೆಯುಂಟು. ಅಕ್ಕಿ ಕೊಳ್ಳುವವಳ ಹೊತ್ತಿಗೆ ಆ ಬೆಲೆಯನ್ನು ಯಾರು ಕಟ್ಟಿದ್ದಾರೆ? ಸರ್ವರ್ ಎರಡು ದಿನ ಕೆಟ್ಟಿತೆಂದು ತಿಂಗಳು ಎರಡು ದಿನ ಉದ್ದವಾಗುತ್ತದೆಯೇ? ಗಡುವನ್ನು ಮುಂದೆ ಹಾಕಿದ ಸಂದರ್ಭಗಳು ಇಲ್ಲವೆಂದಲ್ಲ. ಆದರೆ ಅದು ಕೇಳಿ ಪಡೆಯಬೇಕಾದ ದಯೆಯಾಗಿದೆ, ತಾನಾಗಿ ದೊರೆಯುವ ಹಕ್ಕಾಗಿಲ್ಲ.

ಕೊರತೆಯನ್ನು ಹೇಗೆ ನಿಭಾಯಿಸಬೇಕೆಂಬುದು ನಮ್ಮ ಹಳ್ಳಿಗಳಿಗೆ ತಿಳಿಯದ ವಿದ್ಯೆಯಲ್ಲ. ಹಳೆಯ ಮೈಸೂರಿನ ಕೆರೆಯ ಊರುಗಳಲ್ಲಿ ನೀರುಗಂಟಿಯೆಂಬವನಿದ್ದ. ತೂಬು ಎತ್ತುವುದು, ಕಾಲುವೆಯ ಬದು ನೋಡಿಕೊಳ್ಳುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂಬುದನ್ನು ಸರದಿಯಂತೆ ಬಿಡುವುದು ಅವನ ಕೆಲಸ. ಕೆರೆ ತುಂಬಿದ ವರ್ಷ ಅವನ ಬೆಲೆ ಗೊತ್ತಾಗುತ್ತಿರಲಿಲ್ಲ. ನೀರು ಇಳಿದ ವರ್ಷ ಅವನ ಪರೀಕ್ಷೆ. ಆಗ ಅವನು ತೂಬಿನ ಬಳಿ ನಿಂತು ‘ಕೆರೆ ಇಲ್ಲ’ ಎಂದು ಹೇಳಿ ಮನೆಗೆ ಹೋಗುವಂತಿರಲಿಲ್ಲ. ಇರುವ ನೀರನ್ನು ಎಲ್ಲರ ಗದ್ದೆಗೂ ಹಂಚಬೇಕು. ಅಂದರೆ, ಇಲ್ಲದ ನೀರನ್ನೂ ಎಲ್ಲರಿಗೂ ಹಂಚಬೇಕು. ಮೇಲಿನ ಗದ್ದೆಯವನಿಗೆ ಅರ್ಧ ಗಳಿಗೆ ಕಡಿಮೆ, ಕೊನೆಯ ಗದ್ದೆಯವನಿಗೂ ಅರ್ಧ ಗಳಿಗೆ ಕಡಿಮೆ. ಅವನೇನೂ ದೇವಮಾನವನಲ್ಲ, ಊರಿನ ದೊಡ್ಡವರ ಕಣ್ಸನ್ನೆಗೆ ಬಗ್ಗಿದ ನೀರುಗಂಟಿಗಳೂ ಇದ್ದರು. ಆದರೆ ರಾತ್ರಿ ಬದುವಿನ ಮೇಲೆ ಕೋಲು ಹಿಡಿದು ನಿಂತವನು ಇಂಥವನೆಂದು ಎಲ್ಲರಿಗೂ ಗೊತ್ತಿತ್ತು, ಬೆಳಗಾದರೆ ಅವನ ಮನೆಯ ಮುಂದೆ ನಿಂತು ಕೇಳಬಹುದಾಗಿತ್ತು. ಕೊರತೆ ಅನ್ಯಾಯವಲ್ಲ, ಹಂಚದೆ ಬಿಟ್ಟ ಕೊರತೆ ಅನ್ಯಾಯ ಎಂಬ ನೀತಿ ಆ ವ್ಯವಸ್ಥೆಯಲ್ಲಿ ಅಡಗಿತ್ತು. ಇಂದಿನ ಅದೃಶ್ಯ ಕಾಲುವೆಗೆ ಇಂಜಿನಿಯರುಗಳಿದ್ದಾರೆ, ಗುತ್ತಿಗೆದಾರರಿದ್ದಾರೆ. ನೀರುಗಂಟಿ ಮಾತ್ರ ಇಲ್ಲ.

ಹಾಗೆಂದು ನಾವು ಈ ನೀತಿಯನ್ನು ಪೂರ್ತಿ ಮರೆತೆವೆನ್ನಲೂ ಆಗದು. 2020ರಲ್ಲಿ ಸಾಂಕ್ರಾಮಿಕದ ಕಾರಣ ಶಾಲೆಗಳು ಮುಚ್ಚಿದಾಗ ಪಾಠವೆಲ್ಲ ಫೋನಿಗೆ ಹೋಯಿತು. ಮೈಸೂರಿನ ಮಕ್ಕಳು ಮಹಡಿಯ ಕೋಣೆಯಲ್ಲಿ ಕುಳಿತು ಪಾಠ ಕೇಳಿದರು. ಕೋಟೆಯ ಕಾಡಂಚಿನ ಹಾಡಿಗಳಲ್ಲಿ, ಫೋನಿದ್ದವರ ಮನೆಯಲ್ಲಿಯೂ ಸಿಗ್ನಲ್ ಇರಲಿಲ್ಲ. ಆ ವರ್ಷದ ಆಗಸ್ಟಿನಲ್ಲಿ ರಾಜ್ಯದ ಶಿಕ್ಷಣ ಇಲಾಖೆ ‘ವಿದ್ಯಾಗಮ’ ಎಂಬ ಕ್ರಮವನ್ನು ಆರಂಭಿಸಿತು. ಸರ್ಕಾರಿ ಶಾಲೆಯ ಮೇಷ್ಟ್ರುಗಳು ತಾವೇ ಊರೂರಿಗೆ ಹೋಗಿ, ಗುಡಿಯ ಜಗಲಿ, ಮರದ ನೆರಳು, ಸಿಕ್ಕಿದ ಕಡೆ ಹತ್ತಿಪ್ಪತ್ತು ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳಿದರು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಭೀತಿ ನಿಜವಾದದ್ದೇ ಆಗಿತ್ತು. ಆದರೂ ಅದರ ತಿರುಳನ್ನು ನಾವು ಗಮನಿಸಬೇಕು. ಅಲೆಗಳು ಹೋಗಲಾರದ ಕಡೆಗೆ ಮನುಷ್ಯ ನಡೆದು ಹೋದ. ‘ನೆಟ್‌ವರ್ಕ್ ಇಲ್ಲ’ ಎಂಬುದು ಅಲ್ಲಿ ಮಾತಿನ ಮುಕ್ತಾಯವಾಗದೆ ಕೆಲಸದ ಆರಂಭವಾಯಿತು.

ಪಡಿತರದ ವಿಷಯದಲ್ಲಿಯೂ ಕಾನೂನು ಕುರುಡಾಗಿಲ್ಲ. 2017ರ ಸೆಪ್ಟೆಂಬರಿನಲ್ಲಿ ಜಾರ್ಖಂಡಿನ ಸಿಮ್ಡೇಗಾ ಜಿಲ್ಲೆಯಲ್ಲಿ 11 ವರ್ಷದ ಹುಡುಗಿಯೊಬ್ಬಳು ತೀರಿಕೊಂಡಳು. ಹಸಿವಿನಿಂದ ಎಂದಳು ತಾಯಿ. ಕಾಯಿಲೆಯಿಂದ ಎಂದಿತು ಸರ್ಕಾರ. ಆ ಮನೆಯ ಪಡಿತರ ಚೀಟಿ ಆಧಾರಿಗೆ ಜೋಡಣೆಯಾಗಿಲ್ಲವೆಂದು ರದ್ದಾಗಿತ್ತೆಂಬ ವರದಿ ದೇಶವನ್ನು ಕಲಕಿತು. ಅದೇ ಅಕ್ಟೋಬರ್ 24ರಂದು ಕೇಂದ್ರದ ಆಹಾರ ಇಲಾಖೆ ಎಲ್ಲ ರಾಜ್ಯಗಳಿಗೂ ಬರೆಯಿತು: ಆಧಾರ್ ಇಲ್ಲವೆಂದಾಗಲಿ, ಸಂಪರ್ಕ ಸಿಗಲಿಲ್ಲವೆಂದಾಗಲಿ, ಬೆರಳು ಹೊಂದಲಿಲ್ಲವೆಂದಾಗಲಿ ಧಾನ್ಯವನ್ನು ನಿರಾಕರಿಸಕೂಡದು, ಅಂಥವರ ಹೆಸರನ್ನು ಬೇರೆ ಪುಸ್ತಕದಲ್ಲಿ ಬರೆದುಕೊಂಡು ಕೊಡಬೇಕು. 2018ರ ಸೆಪ್ಟೆಂಬರ್ 26ರ ಆಧಾರ್ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ, ಗುರುತು ಹೊಂದದ ಮಾತ್ರಕ್ಕೆ ಅರ್ಹರು ವಂಚಿತರಾಗಬಾರದೆಂಬುದನ್ನು ದಾಖಲಿಸಿತು. ಆದ್ದರಿಂದ ‘ಸರ್ವರ್ ಇಲ್ಲ, ನಾಳೆ ಬಾ’ ಎಂಬುದು ಒಂದು ಉಪಾಯವಿಲ್ಲದ ಸ್ಥಿತಿಯ ವರ್ಣನೆಯಲ್ಲ. ಉಪಾಯವನ್ನು ಬರೆದಿಟ್ಟಿದ್ದಾರೆ, ಬರೆದದ್ದು ಜಗಲಿಯವರೆಗೆ ಇಳಿದು ಬಂದಿಲ್ಲ.

ಏಕೆ ಬಂದಿಲ್ಲ? ಈ ಪ್ರಶ್ನೆಯನ್ನು ನಾನು ಒಬ್ಬ ಅಂಗಡಿಯವನಿಗೆ ಕೇಳಿದೆ. ಆತ ಒಳ್ಳೆಯ ಮನುಷ್ಯ. ಸಿಗ್ನಲ್ ಸಿಗದ ದಿನ ಯಂತ್ರವನ್ನು ಎತ್ತಿಕೊಂಡು ಕೆರೆಯ ಏರಿಯ ಮೇಲಕ್ಕೆ ಹೋಗುತ್ತಾನೆ. ಸಾಲೆಲ್ಲ ಅವನ ಹಿಂದೆ ಏರಿಗೆ ಹೋಗುತ್ತದೆ. ಅಲ್ಲಿ ಬೆರಳು ಒತ್ತಿ, ಮತ್ತೆ ಇಳಿದು ಬಂದು ಅಕ್ಕಿ ಅಳೆಸಿಕೊಳ್ಳುತ್ತಾರೆ. ಅವನು ಹೇಳಿದ: ‘ಪುಸ್ತಕದಲ್ಲಿ ಬರ್ಕೊಂಡು ಕೊಡಬೋದು ಸಾರ್. ನಾಳೆ ಇನ್ಸ್‌ಪೆಕ್ಷನ್‌ಗೆ ಬಂದವರು, ಇದು ನೀನೇ ಬರ್ಕೊಂಡಿದ್ದು ಅಂದ್ರೆ ನಾನೇನು ಹೇಳ್ಲಿ? ಮಿಷಿನ್ ಹೇಳಿದ್ರೆ ನಂಬ್ತಾರೆ. ನಾನು ಹೇಳಿದ್ರೆ ನಂಬೋರು ಯಾರು?’

ನನ್ನ ಮಟ್ಟಿಗೆ ಈ ವಿಷಯದ ಬೇರು ಅವನ ಆ ಮಾತಿನಲ್ಲಿದೆ. ನಾವು ಸರ್ವರ್ ಸಮಸ್ಯೆಯೆಂದು ಕರೆಯುವುದು ಬಹಳ ಮಟ್ಟಿಗೆ ನಂಬಿಕೆಯ ಸಮಸ್ಯೆ. ಇಲಾಖೆಗೆ ಅಂಗಡಿಯವನ ಮೇಲೆ ನಂಬಿಕೆಯಿಲ್ಲ. ಅಂಗಡಿಯವನಿಗೆ ತನ್ನನ್ನು ಇಲಾಖೆ ನಂಬೀತೆಂಬ ನಂಬಿಕೆಯಿಲ್ಲ. ಇಬ್ಬರಿಗೂ ಚೀಲ ಹಿಡಿದವಳ ಮಾತಿನ ಮೇಲೆ ನಂಬಿಕೆಯಿಡುವ ಧೈರ್ಯವಿಲ್ಲ. ಅಪನಂಬಿಕೆಗೆ ಕಾರಣವಿಲ್ಲವೆಂದು ನಾನು ಹೇಳಲಾರೆ. ಸುಳ್ಳು ಲೆಕ್ಕದ ಕಥೆಯನ್ನು ಮೇಲೆ ನಾನೇ ಹೇಳಿದ್ದೇನೆ. ಯಂತ್ರವನ್ನು ಬದಿಗಿಟ್ಟು ಪುಸ್ತಕ ತೆರೆದರೆ ಒಂದಿಷ್ಟು ಮೋಸ ನುಸುಳೀತು. ಆದರೆ ಲೋಕದಲ್ಲಿ ತಪ್ಪು ಎರಡು ಬಗೆ: ಸಲ್ಲದವನಿಗೆ ಸಂದುಹೋಗುವುದು ಒಂದು, ಸಲ್ಲಬೇಕಾದವನಿಗೆ ಸಲ್ಲದೆ ಹೋಗುವುದು ಇನ್ನೊಂದು. ಎರಡನ್ನೂ ಒಟ್ಟಿಗೆ ಇಲ್ಲವಾಗಿಸುವುದು ಮನುಷ್ಯರಿಂದ ಆಗದು. ಒಂದನ್ನು ತೀರ ಬಿಗಿ ಹಿಡಿದರೆ ಇನ್ನೊಂದು ಹೆಚ್ಚುತ್ತದೆ. ಯಾವುದನ್ನು ಸಹಿಸಿಕೊಳ್ಳುತ್ತೀರಿ ಎಂಬುದರ ಮೇಲೆ ನಿಮ್ಮ ನೀತಿ ನಿಂತಿದೆ.

ಕೃಷ್ಣರಾಜನಗರದ ಬಳಿಯ ಚುಂಚನಕಟ್ಟೆಯ ಜಾತ್ರೆಯನ್ನು ನೋಡಿದವರು, ಅಥವಾ ಯಾವುದೇ ಊರಿನ ಅನ್ನಸಂತರ್ಪಣೆಯಲ್ಲಿ ಕುಳಿತವರು, ಪಂಕ್ತಿಯಲ್ಲಿ ಕುಳಿತವರ ವಿಳಾಸ ಕೇಳಿ ಬಡಿಸಿದ್ದನ್ನು ಕಂಡಿರಲಾರರು. ಎರಡು ಸಲ ಉಂಡವನು ಒಬ್ಬನಿದ್ದಾನೆಂದು ಎಲೆ ಹಾಕುವುದನ್ನು ನಿಲ್ಲಿಸುವುದಿಲ್ಲ. ಸರ್ಕಾರದ ಉಗ್ರಾಣ ಜಾತ್ರೆಯ ಸಂತರ್ಪಣೆಯಲ್ಲ, ಲೆಕ್ಕ ಇರಲೇಬೇಕು ಎಂದರೆ ಒಪ್ಪುತ್ತೇನೆ. ಲೆಕ್ಕವಿರಲಿ. ಆದರೆ ಲೆಕ್ಕಕ್ಕೆ ನಾಳೆ ಎಂಬುದುಂಟು, ಹಸಿವಿಗೆ ಇಲ್ಲ. ಇವತ್ತು ಅಳೆದು ಕೊಟ್ಟು, ಸರ್ವರ್ ಬಂದ ದಿನ ತಾಳೆ ನೋಡಿದರೆ ಯಾವ ಭಂಡಾರವೂ ಬರಿದಾಗದು.

ತಾಳ್ಮೆಯ ವಿಷಯವಾಗಿ ಒಂದು ಮಾತು. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ನಾವು ಬಾಯಿಪಾಠ ಮಾಡಿದ್ದೇವೆ. ಆ ಜಗಲಿಯ ಮೇಲಿನ ಸಾಲನ್ನು ನೋಡಿ ‘ಎಷ್ಟು ತಾಳ್ಮೆ ಈ ಜನಕ್ಕೆ!’ ಎಂದು ಮೆಚ್ಚಿದ ಗೆಳೆಯರಿದ್ದಾರೆ. ಮನೆಯಲ್ಲಿ ಫೋನಿನ ಚಕ್ರ ಹತ್ತು ಎಣಿಸುವಷ್ಟು ಹೊತ್ತು ಸುತ್ತಿದರೆ ಕಂಪನಿಯವರನ್ನು ಬೈಯುವವರೂ ಇವರೇ. ರೈತ ಮಳೆಗಾಗಿ ಕಾಯುತ್ತಾನೆ. ಬಿತ್ತಿದ ಬೀಜ ಮೊಳೆಯಲು ಕಾಯುತ್ತಾನೆ. ಅದು ಪ್ರಕೃತಿಯೊಡನೆ ಅವನು ಮಾಡಿಕೊಂಡ ಒಪ್ಪಂದ. ಹೊಲದಲ್ಲಿ ಕಲಿತ ಆ ದೊಡ್ಡ ಗುಣವನ್ನು ಕಚೇರಿಯ ಬಾಗಿಲಲ್ಲಿ ನಾವು ದುಂದುಮಾಡುತ್ತಿದ್ದೇವೆ. ತಾನಾಗಿ ತಾಳಿಕೊಂಡರೆ ಅದು ಗುಣ. ಬೇರೆ ದಾರಿಯಿಲ್ಲದೆ ತಾಳಿಕೊಂಡರೆ ಅದು ಅವರ ಗುಣವೂ ಅಲ್ಲ, ಮೆಚ್ಚಿಕೊಳ್ಳುವ ಹಕ್ಕು ನಮಗೂ ಇಲ್ಲ.

ಏನು ಮಾಡಬೇಕೆಂದು ಕೇಳಿದರೆ, ನನ್ನ ಬಯಕೆಗಳು ದೊಡ್ಡವಲ್ಲ. ಸರ್ವರ್ ಕೆಟ್ಟರೆ ಅದು ಕೆಟ್ಟ ಹೊತ್ತು, ಯಾವ ಕೊಂಡಿ ಕಳಚಿದೆ, ಸುಮಾರು ಯಾವಾಗ ಸರಿಹೋದೀತು ಎಂಬುದನ್ನು ಅಂಗಡಿಯ ಹಲಗೆಯ ಮೇಲೆ ಬರೆಯಲಿ. ಕಾರಣ ತಿಳಿದ ಕಾಯುವಿಕೆ ಅರ್ಧ ಹಗುರವಾಗುತ್ತದೆ. ಎರಡು ಗಂಟೆಯೊಳಗೆ ಸರಿಹೋಗದಿದ್ದರೆ ಪುಸ್ತಕದಲ್ಲಿ ಬರೆದು ಕೊಡುವುದು ಅಂಗಡಿಯವನ ಧೈರ್ಯವಾಗದೆ ಕರ್ತವ್ಯವಾಗಲಿ. ಹಾಗೆ ಕೊಟ್ಟವನ ಬೆನ್ನಿಗೆ ಇಲಾಖೆ ನಿಲ್ಲಲಿ. ಕೆಟ್ಟ ದಿನಗಳಷ್ಟೂ ಗಡುವು ತಾನಾಗಿ ಮುಂದೆ ಸರಿಯಲಿ. ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಕಾಯಿದೆಯೂ ಬೇಡ. ಅಂಗಡಿಯ ಹಲಗೆಯ ಮೇಲೆ ‘ನ್ಯಾಯಬೆಲೆ’ ಎಂದು ಆಗಲೇ ಬರೆದಿದೆ. ಬೆಲೆಯ ಮಾತು ಪೂರೈಸಿದ್ದೇವೆ. ಮೊದಲನೆಯ ಪದ ಉಳಿದಿದೆ.

ಯಂತ್ರ ಎಂದೂ ಕೆಡದಂತೆ ಮಾಡುವ ಜಾಣರು ಮುಂದೆ ಹುಟ್ಟಬಹುದು. ಅಲ್ಲಿಯವರೆಗೆ, ಮಾಣಿ ಬಾರದ ದಿನ ಗಲ್ಲಾ ಬಿಟ್ಟು ಎದ್ದು ಬಂದು ತಾನೇ ಬಡಿಸುವ ಹೋಟೆಲಿನ ಮಾಲೀಕನಷ್ಟು ವಿವೇಕ ಸಾಕು. ಹಾಗೆ ಎದ್ದು ಬರಬೇಕಾದವನು ಯಾರೆಂಬುದನ್ನು ಮುಂಚಿತವಾಗಿ ಗೊತ್ತುಮಾಡಿ, ಅವನ ಹೆಸರನ್ನು ಬಾಗಿಲ ಮೇಲೆ ಬರೆದು ಹಾಕಿದರೆ, ಸರ್ವರ್ ತನ್ನ ಪಾಡಿಗೆ ತಾನು ಕೆಡಲಿ, ರಿಪೇರಿಯಾಗಲಿ. ಅಕ್ಕ ಹೊತ್ತು ಮುಳುಗುವ ಮೊದಲು ಮನೆ ಸೇರುತ್ತಾಳೆ.